ಒಂದು ಸೋಲಿನ ಲೆಕ್ಕಾಚಾರ

2014ನೆಯ ಇಸವಿ ಆಗಸ್ಟ್ 23ರ ಸಂಜೆ, ಜರ್ಮನಿಯ ಡೋರ್ಟ್‌ಮುಂಡ್ ನಗರದ ಕ್ರೀಡಾಂಗಣದಲ್ಲಿ ಎಂಬತ್ತು ಸಾವಿರ ಜನ ಕಿಕ್ಕಿರಿದು ನೆರೆದಿದ್ದರು. ಆ ವರ್ಷದ ಲೀಗ್ ಪಂದ್ಯಗಳಲ್ಲಿ ಅವರ ತಂಡ ಆಡಲಿದ್ದ ಮೊದಲನೆಯ ಆಟ ಅದು. ತೀರ್ಪುಗಾರನ ಸೀಟಿ ಕೇಳಿಸಿ ಜನ ತಮ್ಮ ತಮ್ಮ ಜಾಗಗಳಲ್ಲಿ ಸರಿಯಾಗಿ ನೆಲೆಗೊಳ್ಳುವ ಮೊದಲೇ, ಎದುರಾಳಿ ಲೆವರ್ಕೂಸನ್ ತಂಡದ ಕರೀಮ್ ಬೆಲ್ಲಾರಬಿ ಎಂಬ ಆಟಗಾರನು ಚೆಂಡನ್ನು ಬಲೆಯೊಳಕ್ಕೆ ಸೇರಿಸಿಬಿಟ್ಟನು. ಆಗ ಕಳೆದಿದ್ದುದು ಕೇವಲ 9 ಸೆಕೆಂಡು. ಆ ಲೀಗಿನ ಚರಿತ್ರೆಯಲ್ಲಿ ಅಂದಿನವರೆಗೆ ಅಷ್ಟು ಶೀಘ್ರವಾಗಿ ಯಾರೂ ಗೋಲು ಹೊಡೆದಿರಲಿಲ್ಲ. ಆಟ ಮುಗಿದಾಗ ಡೋರ್ಟ್‌ಮುಂಡ್ 0-2ರಿಂದ ಸೋತಿತ್ತು.

ವಿಜ್ಞಾನಕ್ಕೆ ಮೀಸಲಾದ ಪತ್ರಿಕೆಯಲ್ಲಿ ಕಾಲ್ಚೆಂಡಾಟದ ಪ್ರಸ್ತಾಪವೇಕೆ ಎಂದು ವಾಚಕರು ಕೇಳಬಹುದು. ಆ ಹಂಗಾಮಿನಲ್ಲಿ ಡೋರ್ಟ್‌ಮುಂಡಿಗೆ ಒದಗಿದ ದುರ್ಗತಿಯೂ ಅದಕ್ಕೆ ಜನ ಕೊಟ್ಟುಕೊಂಡ ವಿವರಣೆಗಳೂ, ಪ್ರಯೋಗಶಾಲೆಯಲ್ಲಿ ನಾವು ಪ್ರತಿವರ್ಷವೂ ತಿದ್ದಬೇಕಾಗಿ ಬರುವ ಒಂದು ತಪ್ಪಿನ ದೊಡ್ಡ ಪ್ರತಿಬಿಂಬವಾಗಿ ನಮಗೆ ಕಂಡಿವೆ. ಆ ಕಾರಣದಿಂದಲೇ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಡೋರ್ಟ್‌ಮುಂಡ್ ಕಲ್ಲಿದ್ದಲು, ಉಕ್ಕು, ಬಿಯರುಗಳಿಗೆ ಹೆಸರಾಗಿದ್ದ ಊರು. ಗಣಿಗಳು ಮುಚ್ಚಿದವು, ಕುಲುಮೆಗಳು ಆರಿದವು. ಊರಿನ ಅಭಿಮಾನವೆಲ್ಲ 1909ರಲ್ಲಿ ಸ್ಥಾಪಿತವಾದ ಬೊರೂಸಿಯಾ ಎಂಬ ಕ್ಲಬ್ಬಿನಲ್ಲಿ ಬಂದು ನೆಲೆಸಿತು. ಅದರ ಕ್ರೀಡಾಂಗಣದ ದಕ್ಷಿಣ ಭಾಗದಲ್ಲಿ ಸುಮಾರು 25 ಸಾವಿರ ಜನ ಹಳದಿ ಬಟ್ಟೆ ತೊಟ್ಟು ನಿಂತೇ ಆಟ ನೋಡುತ್ತಾರೆ. ಅದನ್ನು ‘ಹಳದಿ ಗೋಡೆ’ ಎಂದೇ ಕರೆಯುವರು. 2005ರ ಸುಮಾರಿಗೆ ಸಾಲದ ಹೊರೆಯಿಂದ ದಿವಾಳಿಯ ಅಂಚಿಗೆ ಬಂದಿದ್ದ ಈ ಕ್ಲಬ್ಬು, 2008ರಲ್ಲಿ ಯುರ್ಗೆನ್ ಕ್ಲೋಪ್ ಎಂಬ ತರಬೇತುದಾರನು ಬಂದ ಮೇಲೆ ಚೇತರಿಸಿಕೊಂಡು, 2011 ಮತ್ತು 2012ರಲ್ಲಿ ಎಡೆಬಿಡದೆ ಎರಡು ಬಾರಿ ಜರ್ಮನಿಯ ಚಾಂಪಿಯನ್ ಆಯಿತು. 2013ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯವನ್ನು ತಲಪಿ ಮ್ಯೂನಿಕ್ಕಿನ ಬೇಯರ್ನ್ ತಂಡಕ್ಕೆ 1-2ರಿಂದ ಸೋತಿತು. ಆ ವರ್ಷವೂ ಮರುವರ್ಷವೂ ದೇಶದ ಲೀಗಿನಲ್ಲಿ ಎರಡನೆಯ ಸ್ಥಾನ ಅದರದೇ.

ಇಂಥ ತಂಡವು 2014ರ ಡಿಸೆಂಬರಿನಲ್ಲಿ, ಹಂಗಾಮಿನ 34 ಪಂದ್ಯಗಳಲ್ಲಿ ಅರ್ಧ ಮುಗಿದು ಚಳಿಗಾಲದ ವಿರಾಮ ಬಂದಾಗ, 18 ತಂಡಗಳ ಪಟ್ಟಿಯಲ್ಲಿ 17ನೆಯದಾಗಿತ್ತು. ಹದಿನೇಳು ಆಟಗಳಲ್ಲಿ ಗೆದ್ದದ್ದು 4, ಸಮನಾದದ್ದು 3, ಸೋತದ್ದು 10. ಗೆಲುವಿಗೆ ಮೂರು, ಸಮಕ್ಕೆ ಒಂದು ಎಂಬ ಲೆಕ್ಕದಲ್ಲಿ ಕೈಸೇರಿದ್ದು ಕೇವಲ 15 ಅಂಕ. ವಿರಾಮದ ನಂತರವೂ ಗ್ರಹಚಾರ ಬಿಡಲಿಲ್ಲ. 2015ರ ಫೆಬ್ರವರಿ 4ರಂದು ಔಗ್ಸ್‌ಬುರ್ಗ್ ತಂಡವು ಇವರ ಮನೆಯಂಗಳದಲ್ಲೇ ಇವರನ್ನು 1-0ರಿಂದ ಸೋಲಿಸಿದಾಗ, ಡೋರ್ಟ್‌ಮುಂಡ್ ಪಟ್ಟಿಯ ಕಟ್ಟಕಡೆಯ ತಂಡವಾಗಿತ್ತು. ಆ ರಾತ್ರಿ ಪ್ರೇಕ್ಷಕರ ಸಿಳ್ಳು, ಧಿಕ್ಕಾರಗಳ ನಡುವೆ ಗೋಲುರಕ್ಷಕ ವೈಡನ್‌ಫೆಲ್ಲರನೂ ನಾಯಕ ಹುಮ್ಮೆಲ್ಸನೂ ಹಳದಿ ಗೋಡೆಯ ಮುಂದಿನ ಬೇಲಿಯನ್ನೇರಿ ಜನರೊಂದಿಗೆ ಮಾತನಾಡಿ ಸಮಾಧಾನ ಹೇಳಬೇಕಾಯಿತು.

ಕಾರಣಗಳಿಗೇನೂ ಕೊರತೆ ಇರಲಿಲ್ಲ. ಹಿಂದಿನ ಹಂಗಾಮಿನಲ್ಲಿ 20 ಗೋಲು ಹೊಡೆದು ಲೀಗಿಗೇ ಅಗ್ರಗಣ್ಯನಾಗಿದ್ದ ಲೆವಾಂಡೋವ್ಸ್ಕಿ ಬೇಯರ್ನಿಗೆ ಹೋಗಿದ್ದನು. ಅವನಿಗಿಂತ ಒಂದು ವರ್ಷ ಮೊದಲೇ ಗೋಟ್ಸೆ ಅದೇ ದಾರಿ ಹಿಡಿದಿದ್ದನು. ಮಾರ್ಕೋ ರಾಯ್ಸನ ಕಾಲಿನ ಗಾಯ ಮತ್ತೆ ಮತ್ತೆ ಮರುಕಳಿಸಿತು. ತಂಡದ ಹಲವರು ಆ ಬೇಸಗೆಯಲ್ಲಿ ಬ್ರೆಜಿಲ್‌ಗೆ ಹೋಗಿ, ಜುಲೈ ಮಧ್ಯದವರೆಗೆ ನಡೆದ ವಿಶ್ವಕಪ್ಪಿನ ತಂಡದಲ್ಲಿದ್ದು, ದಣಿವಾರದೆಯೇ ಹಿಂದಿರುಗಿದ್ದರು. ಚೆಂಡು ಕೈತಪ್ಪಿದ ಕ್ಷಣದಲ್ಲೇ ಎದುರಾಳಿಯ ಮೇಲೆ ಮುಗಿಬೀಳುವ ಕ್ಲೋಪನ ಪದ್ಧತಿ ಮೈಯನ್ನು ಹಿಂಡುವಂಥದು. ಅದರ ಮರ್ಮವನ್ನು ಇತರರು ಅರಿತುಕೊಂಡರು ಎಂದು ಕೆಲವರು. ಏಳು ವರ್ಷ ಒಂದೇ ಧ್ವನಿಯನ್ನು ಕೇಳಿ ಆಟಗಾರರ ಕಿವಿ ಮಂದವಾಯಿತು ಎಂದು ಮತ್ತೆ ಕೆಲವರು. ಇವುಗಳಲ್ಲಿ ಒಂದನ್ನೂ ನಾವು ಸುಳ್ಳೆನ್ನುವುದಿಲ್ಲ. ನಮ್ಮ ಆಕ್ಷೇಪಣೆ ಇರುವುದು ಬೇರೆಡೆಯಲ್ಲಿ. ಈ ವಿವರಣೆಗಳನ್ನು ಹುಡುಕುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿತ್ತು: ಹದಿನೇಳು ಪಂದ್ಯಗಳ ಅಂಕಗಳು ಒಂದು ತಂಡದ ಸತ್ತ್ವವನ್ನು ಎಷ್ಟರ ಮಟ್ಟಿಗೆ ಅಳೆಯಬಲ್ಲವು?

ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗೆ ಲೋಲಕವೊಂದನ್ನು ಕೊಟ್ಟು ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯಲು ಹೇಳುತ್ತೇವೆ. ಅವನು ಒಂದೇ ಸಲ ಆಂದೋಲನದ ಕಾಲವನ್ನು ಅಳೆದು, ಗುಣಿಸಿ ಭಾಗಿಸಿ, ದಶಮಾಂಶದ ನಾಲ್ಕು ಸ್ಥಾನಗಳವರೆಗೆ ಉತ್ತರ ಬರೆದು ತರುತ್ತಾನೆ. ‘ನಿನ್ನ ಬೆರಳು ಗಡಿಯಾರದ ಗುಂಡಿಯನ್ನು ಒತ್ತುವುದರಲ್ಲಿ ಎಷ್ಟು ಹಿಂದುಮುಂದಾಗಬಹುದು?’ ಎಂದು ಕೇಳಿದರೆ ಮುಖ ನೋಡುತ್ತಾನೆ. ಅಳತೆಯ ಜೊತೆಗೆ ಅದರ ಅನಿಶ್ಚಿತತೆಯನ್ನು ಬರೆಯದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲವೆಂಬುದನ್ನು ಅವನಿಗೆ ಮನಗಾಣಿಸಲು ಒಂದು ವರ್ಷ ಬೇಕಾಗುತ್ತದೆ. ಲೀಗಿನ ಅಂಕಪಟ್ಟಿಯೂ ಒಂದು ಮಾಪನವೇ. ಪ್ರಪಂಚದಲ್ಲಿ ಪ್ರತಿವಾರವೂ ಕೋಟಿಗಟ್ಟಲೆ ಜನ ಓದುವ ಈ ಮಾಪನವನ್ನು ಅನಿಶ್ಚಿತತೆಯ ಸುಳಿವೂ ಇಲ್ಲದಂತೆ ಅಚ್ಚು ಹಾಕುತ್ತಾರೆ.

ಆ ಅನಿಶ್ಚಿತತೆಯನ್ನು ಅಂದಾಜು ಮಾಡುವ ಸಾಧನ ಹೊಸತಲ್ಲ. ವಿನೋದವೆಂದರೆ ಅದರ ಪ್ರಸಿದ್ಧ ಉದಾಹರಣೆಯೂ ಜರ್ಮನಿಯದೇ. ಫ್ರಾನ್ಸಿನ ಗಣಿತಜ್ಞ ಪ್ವಾಸೋಂ 1837ರಲ್ಲಿ ಪ್ರಕಟಿಸಿದ ಸೂತ್ರವೊಂದನ್ನು 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ವಿದ್ವಾಂಸನು ಪ್ರಷ್ಯದ ಅಶ್ವದಳಕ್ಕೆ ಅನ್ವಯಿಸಿದನು. ಸೈನ್ಯದ ಪ್ರತಿಯೊಂದು ದಳದಲ್ಲಿಯೂ ವರ್ಷವೊಂದರಲ್ಲಿ ಕುದುರೆಯ ಒದೆತದಿಂದ ಸತ್ತ ಸೈನಿಕರೆಷ್ಟು ಎಂಬುದು ಅವನ ಲೆಕ್ಕ. ಹತ್ತು ದಳಗಳ ಇಪ್ಪತ್ತು ವರ್ಷಗಳ, ಅಂದರೆ 200 ದಳವರ್ಷಗಳ ದಾಖಲೆಯಲ್ಲಿ ಒಟ್ಟು 122 ಸಾವು. 109 ದಳವರ್ಷಗಳಲ್ಲಿ ಒಬ್ಬನೂ ಸತ್ತಿರಲಿಲ್ಲ. 65ರಲ್ಲಿ ಒಬ್ಬ, 22ರಲ್ಲಿ ಇಬ್ಬರು, 3ರಲ್ಲಿ ಮೂವರು, ಕೇವಲ ಒಂದರಲ್ಲಿ ನಾಲ್ವರು. ಸಾವುಗಳು ಯಾವ ವಿಶೇಷ ಕಾರಣವೂ ಇಲ್ಲದೆ, ಎಲ್ಲ ದಳಗಳಿಗೂ ಒಂದೇ ಸರಾಸರಿಯಲ್ಲಿ, ಕೇವಲ ಆಕಸ್ಮಿಕವಾಗಿ ಹಂಚಿಹೋದರೆ ಪ್ವಾಸೋಂ ಸೂತ್ರದಂತೆ ಕ್ರಮವಾಗಿ 109, 66, 20, 4, 1 ಬರಬೇಕು. ಸಾಮ್ಯ ಎಷ್ಟು ನಿಕಟವಾಗಿದೆಯೆಂಬುದನ್ನು ವಾಚಕರೇ ನೋಡಬಹುದು. ನಾಲ್ವರು ಸತ್ತ ಆ ದಳದ ಅಧಿಕಾರಿಯನ್ನು ನೆನೆಸಿಕೊಳ್ಳಿ. ಅವನ ಮೇಲೆ ವಿಚಾರಣೆ ನಡೆಸಲು ಹೊರಟವರಿಗೆ ಲಾಯದ ಅವ್ಯವಸ್ಥೆ, ಕುದುರೆಗಳ ದುರ್ಗುಣ, ಶಿಸ್ತಿನ ಅಭಾವ ಎಲ್ಲವೂ ಸಿಕ್ಕುತ್ತಿದ್ದವು. ಹುಡುಕಿದರೆ ಯಾವ ಲಾಯದಲ್ಲಿಯೂ ಇವು ಸಿಕ್ಕುತ್ತವೆ.

ಕಾಲ್ಚೆಂಡಾಟದ ಗೋಲುಗಳೂ ಕುದುರೆಯ ಒದೆತಗಳಂತೆ ವಿರಳವಾದವು. ಜರ್ಮನಿಯ ಲೀಗಿನಲ್ಲಿ ಆ ವರ್ಷ ಪಂದ್ಯವೊಂದಕ್ಕೆ ಎರಡೂ ತಂಡಗಳಿಂದ ಸೇರಿ ಬಿದ್ದ ಗೋಲುಗಳ ಸರಾಸರಿ ಎರಡೂ ಮುಕ್ಕಾಲು. ಇಂಥ ವಿರಳ ಘಟನೆಗಳಲ್ಲಿ ಸರಾಸರಿಯ ವರ್ಗಮೂಲದಷ್ಟು ಏರಿಳಿತ ಸಹಜವಾಗಿಯೇ ಇರುತ್ತದೆ. ಕಬಡ್ಡಿಯಲ್ಲಿ ತಂಡವೊಂದು ಮೂವತ್ತು ಅಂಕ ಗಳಿಸುವುದಾದರೆ, ಈ ಒರಟು ಲೆಕ್ಕದಂತೆ ಏರಿಳಿತ ಐದಾರು, ಅಂದರೆ ಮೊತ್ತದ ಐದನೆಯ ಒಂದು ಭಾಗಕ್ಕೂ ಕಡಮೆ. ತಂಡವೊಂದಕ್ಕೆ ಸರಾಸರಿ 1.4 ಗೋಲು ಬೀಳುವ ಫುಟ್‌ಬಾಲಿನಲ್ಲಿಯಾದರೋ ಏರಿಳಿತವೇ ಸುಮಾರು 1.2; ಮಾತಿಗಿಂತ ಗದ್ದಲವೇ ಹೆಚ್ಚು ಕಡಮೆ ಸಮನಾದ ಹಾಗೆ! ಬಲ್ಲಿದನನ್ನು ಬಡವನು ಮಣಿಸುವ ಸಂದರ್ಭಗಳು ಈ ಆಟದಲ್ಲಿ ಅಷ್ಟೊಂದು ಇರುವುದೂ, ಜನ ಅದಕ್ಕೆ ಮರುಳಾಗಿರುವುದೂ ಈ ಕಾರಣದಿಂದಲೇ.

ಒಂದು ಒಳ್ಳೆಯ ತಂಡವನ್ನು ಕಲ್ಪಿಸಿಕೊಳ್ಳೋಣ. ಅದು ಪಂದ್ಯವೊಂದಕ್ಕೆ ಸರಾಸರಿ 1.8 ಗೋಲು ಹೊಡೆಯುತ್ತದೆ, 1.1 ಗೋಲು ಬಿಟ್ಟುಕೊಡುತ್ತದೆ. ಹಂಗಾಮಿನ ಕೊನೆಗೆ ಮೂರನೆಯದೋ ನಾಲ್ಕನೆಯದೋ ಸ್ಥಾನಕ್ಕೆ ನಿಲ್ಲುವಂಥ ತಂಡ ಇದು. ಪ್ವಾಸೋಂ ಸೂತ್ರವನ್ನು ಹಿಡಿದು, ಕಾಗದ ಪೆನ್ಸಿಲಿನಿಂದ ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಗಣನೆಯಂತೆ, ಇಂಥ ತಂಡವು ನೂರು ಪಂದ್ಯಗಳಲ್ಲಿ 54ನ್ನು ಗೆಲ್ಲುತ್ತದೆ, 23ನ್ನು ಸಮ ಮಾಡಿಕೊಳ್ಳುತ್ತದೆ, 23ನ್ನು ಸೋಲುತ್ತದೆ. ತನಗಿಂತ ಸ್ಪಷ್ಟವಾಗಿ ದುರ್ಬಲರಾದವರ ವಿರುದ್ಧವೂ ನಾಲ್ಕರಲ್ಲಿ ಒಂದು ಪಂದ್ಯವನ್ನು, ಯಾವ ದೋಷವೂ ಇಲ್ಲದೆ, ಸೋಲುವುದು ಅದರ ಹಣೆಬರಹ! ಹದಿನೇಳು ಪಂದ್ಯಗಳಲ್ಲಿ ಅದಕ್ಕೆ ಬರಬೇಕಾದ ಅಂಕ ಸರಾಸರಿ 31. ಆದರೆ ಈ ಸಂಖ್ಯೆಯ ಮಾನಕ ವಿಚಲನೆ 5ಕ್ಕಿಂತ ತುಸು ಹೆಚ್ಚು. ಅಂದರೆ ಮೂರರಲ್ಲಿ ಎರಡು ಸಲ ಅಂಕಗಳು 26ರಿಂದ 36ರ ನಡುವೆ ಇರುತ್ತವೆ, ಉಳಿದ ಒಂದು ಸಲ ಈ ಎಲ್ಲೆಯನ್ನೂ ಮೀರುತ್ತವೆ. ಪಟ್ಟಿಯಲ್ಲಿ 26 ಅಂಕದ ತಂಡಕ್ಕೂ 36 ಅಂಕದ ತಂಡಕ್ಕೂ ಎಷ್ಟು ಮೆಟ್ಟಿಲುಗಳ ಅಂತರವಿರುತ್ತದೆಂಬುದನ್ನು ಆಟವನ್ನು ಬಲ್ಲ ವಾಚಕರು ಅರಿಯರೆ?

ಇಲ್ಲಿ ನಾವು ನ್ಯಾಯವಾಗಿ ನಡೆದುಕೊಳ್ಳಬೇಕು. ಡೋರ್ಟ್‌ಮುಂಡಿನ 15 ಅಂಕ ಈ 31ಕ್ಕಿಂತ ಮೂರು ಮಾನಕ ವಿಚಲನೆಗಳಷ್ಟು ಕೆಳಗಿದೆ. ಬರಿಯ ಆಕಸ್ಮಿಕದಿಂದ ಇಷ್ಟು ಕುಸಿಯುವುದು ಸಾವಿರದಲ್ಲಿ ಒಂದೆರಡು ಸಲ. ಆದ್ದರಿಂದ, ತಂಡಕ್ಕೆ ಏನೂ ಆಗಿರಲಿಲ್ಲ, ಎಲ್ಲ ದೈವದಾಟ, ಎಂದು ಹೇಳಿ ಕೈತೊಳೆದುಕೊಳ್ಳುವವರ ಪಕ್ಷ ನಮ್ಮದಲ್ಲ. ಲೆವಾಂಡೋವ್ಸ್ಕಿಯನ್ನು ಕಳೆದುಕೊಂಡು, ಗಾಯಾಳುಗಳನ್ನು ಹೊತ್ತ ತಂಡದ ಸತ್ತ್ವ ನಿಜವಾಗಿಯೂ ಇಳಿದಿತ್ತು. 1.8 ಮತ್ತು 1.1ರ ಬದಲು 1.5 ಮತ್ತು 1.2 ಎಂದಿಟ್ಟುಕೊಂಡರೆ ಸರಾಸರಿ 27 ಅಂಕ. ಆಗ 15 ಅಥವಾ ಅದಕ್ಕೂ ಕೆಳಗೆ ಬೀಳುವುದು ನೂರಕ್ಕೆ ಎರಡು ಸಲ. ಅಪರೂಪವೇ ಸರಿ. ಆದರೆ ಯುರೋಪಿನ ಐದು ದೊಡ್ಡ ಲೀಗುಗಳಲ್ಲಿ ಹತ್ತಿರ ಹತ್ತಿರ ನೂರು ತಂಡಗಳಿವೆ. ತನ್ನ ಯೋಗ್ಯತೆಗೆ ನೂರಕ್ಕೆ ಎರಡರಷ್ಟು ಅಪರೂಪವಾದ ದುರದೃಷ್ಟ ಪ್ರತಿ ಅರ್ಧವರ್ಷವೂ ಅವುಗಳಲ್ಲಿ ಒಂದೆರಡಕ್ಕೆ ತಗಲಿಯೇ ತೀರಬೇಕು. ಅದು ಸಣ್ಣ ತಂಡಕ್ಕೆ ತಗಲಿದರೆ ಯಾರೂ ಗಮನಿಸುವುದಿಲ್ಲ. 2014ರಲ್ಲಿ ತಗಲಿದ್ದು ಎಲ್ಲರ ಕಣ್ಣಿದ್ದ ತಂಡಕ್ಕೆ. ಕಡೆಗೆ, ಡೋರ್ಟ್‌ಮುಂಡಿನ ಕುಸಿತದ ಒಂದು ಪಾಲು ನೈಜ, ಒಂದು ಪಾಲು ಆಕಸ್ಮಿಕ ಎಂದಾಯಿತು. ಪಟ್ಟಿಯು ಇವೆರಡನ್ನೂ ಬೆರಸಿ ಒಂದೇ ಅಂಕಿಯಾಗಿ ನಮ್ಮ ಕೈಗಿಡುತ್ತದೆ. ನಾವೋ ಅಷ್ಟನ್ನೂ ನೈಜವೆಂದೇ ಓದುತ್ತೇವೆ.

ಈ ಬೆರಕೆಯನ್ನು ಬಿಡಿಸಿ ತೋರಿಸುವ ಒಂದು ಪ್ರಯೋಗ, ಯಾರೂ ಉದ್ದೇಶಿಸದೆ, ಡೋರ್ಟ್‌ಮುಂಡಿನಲ್ಲೇ ನಡೆದುಹೋಯಿತು. ಹಂಗಾಮಿನ ನಡುವೆ ತಂಡ ನೆಲಕಚ್ಚಿದರೆ ತರಬೇತುದಾರನನ್ನು ಕಳುಹಿಸಿಬಿಡುವುದು ಈ ವ್ಯವಹಾರದ ವಾಡಿಕೆ. ಡೋರ್ಟ್‌ಮುಂಡಿನ ಆಡಳಿತದವರು ಹಾಗೆ ಮಾಡಲಿಲ್ಲ, ಕ್ಲೋಪನನ್ನು ಉಳಿಸಿಕೊಂಡರು. ಔಗ್ಸ್‌ಬುರ್ಗಿಗೆ ಸೋತ ಮೂರೇ ದಿನಗಳಿಗೆ ಫ್ರೈಬುರ್ಗನ್ನು ಅವರ ಊರಿನಲ್ಲೇ 3-0ರಿಂದ ಮಣಿಸಿದರು. ಮೈಂಟ್ಸ್, ಸ್ಟುಟ್‌ಗಾರ್ಟ್, ಕಡುವೈರಿಗಳಾದ ಶಾಲ್ಕೆ, ಹೀಗೆ ಸಾಲಾಗಿ ನಾಲ್ಕು ಗೆಲುವು. ಹಂಗಾಮಿನ ಉತ್ತರಾರ್ಧದ ಹದಿನೇಳು ಪಂದ್ಯಗಳಲ್ಲಿ ಗಳಿಸಿದ್ದು 31 ಅಂಕ, ಪೂರ್ವಾರ್ಧದ ಎರಡರಷ್ಟಕ್ಕಿಂತಲೂ ಹೆಚ್ಚು. ಜನವರಿಯಲ್ಲಿ ಕಾಂಪ್ಲ್ ಎಂಬ ಒಬ್ಬ ಹೊಸಬನು ಬಂದುದನ್ನೂ ಕೆಲವು ಗಾಯಾಳುಗಳು ಚೇತರಿಸಿಕೊಂಡುದನ್ನೂ ಬಿಟ್ಟರೆ, ಆಡಿದವರು ಅವರೇ, ಆಡಿಸಿದವನು ಅವನೇ.

ಡಿಸೆಂಬರಿನಲ್ಲಿ ಕ್ಲೋಪನನ್ನು ತೆಗೆದು ಬೇರೊಬ್ಬನನ್ನು ತಂದಿದ್ದರೆ ಏನಾಗುತ್ತಿತ್ತು? 15 ಅಂಕದ ತಂಡದಿಂದ 31 ಅಂಕ ತೆಗೆಸಿದ ಆ ನೂತನ ಪುರುಷನ ಫೋಟೋ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತಿತ್ತು. ಅವನ ಶಿಸ್ತು, ಅವನ ವ್ಯೂಹರಚನೆ, ಆಟಗಾರರಿಗೆ ಅವನು ಬಡಿಸಿದ ಆಹಾರ ಎಲ್ಲದರ ಮೇಲೆಯೂ ಲೇಖನಗಳು ಹುಟ್ಟುತ್ತಿದ್ದವು. ಎತ್ತರದ ತಂದೆತಾಯಿಗಳ ಮಕ್ಕಳು ಸರಾಸರಿಯಲ್ಲಿ ತಂದೆತಾಯಿಗಳಷ್ಟು ಎತ್ತರವಿರುವುದಿಲ್ಲವೆಂದು 1886ರಲ್ಲಿ ಗಾಲ್ಟನ್ ತೋರಿಸಿದನಷ್ಟೆ. ಅಸಾಧಾರಣವಾದ ಅಳತೆಯೊಂದರ ಬೆನ್ನಿಗೆ ಸರಾಸರಿಗೆ ಹತ್ತಿರವಾದ ಅಳತೆ ಬರುವುದೇ ಸಹಜ. ಸೋಲಿನ ತಳ ಮುಟ್ಟಿದಾಗ ಮಾಡಿದ ಯಾವ ಚಿಕಿತ್ಸೆಯಾದರೂ ಫಲಿಸಿದಂತೆ ಕಾಣುತ್ತದೆ, ಜ್ವರ ಇಳಿಯುವ ಹೊತ್ತಿಗೆ ಕಟ್ಟಿದ ತಾಯಿತದ ಹಾಗೆ.

ಇದು ನಮ್ಮ ಊಹೆ ಮಾತ್ರವಲ್ಲ. ಡೋರ್ಟ್‌ಮುಂಡಿಗೆ ಸಮೀಪದಲ್ಲೇ ಇರುವ ಮ್ಯೂನ್‌ಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಆಂಡ್ರೆಯಾಸ್ ಹೊಯರ್ ಎಂಬ ಭೌತರಸಾಯನ ವಿಜ್ಞಾನಿಯಿದ್ದಾನೆ. ಇವನೂ ಇವನ ಸಹೋದ್ಯೋಗಿಗಳೂ ಜರ್ಮನ್ ಲೀಗಿನ 1963ರಿಂದ ಮುಂದಿನ 46 ಹಂಗಾಮುಗಳನ್ನು ಜಾಲಾಡಿ, ನಡುವೆ ತರಬೇತುದಾರನನ್ನು ಬದಲಾಯಿಸಿದ ತಂಡಗಳನ್ನು, ಅಷ್ಟೇ ಕೆಟ್ಟ ಸ್ಥಿತಿಗೆ ಬಂದಿದ್ದರೂ ಬದಲಾಯಿಸದ ತಂಡಗಳೊಡನೆ ಹೋಲಿಸಿದರು. ಬದಲಾವಣೆಯಿಂದ ತಂಡದ ಸಾಮರ್ಥ್ಯದಲ್ಲಿ ಗಣ್ಯವಾದ ಯಾವ ವ್ಯತ್ಯಾಸವೂ ಆಗುವುದಿಲ್ಲವೆಂಬುದು 2011ರಲ್ಲಿ ಅವರು ಪ್ರಕಟಿಸಿದ ತೀರ್ಮಾನ. ಕೆಲಸ ಕಳೆದುಕೊಂಡವರ ಪಾಲಿಗೆ ಇದು ತಡವಾಗಿ ಬಂದ ಸಾಂತ್ವನ.

ಇನ್ನೂ ಒಳಹೊಕ್ಕು ನೋಡಲು ಸಾಧ್ಯವಿದೆ. ಗೋಲುಗಳು ವಿರಳವಾದರೂ ಗೋಲಿನತ್ತ ಹೊಡೆದ ಹೊಡೆತಗಳು ವಿರಳವಲ್ಲ. 1950ರಲ್ಲಿ ಇಂಗ್ಲೆಂಡಿನ ವಾಯುಪಡೆಯ ಲೆಕ್ಕಪತ್ರಾಧಿಕಾರಿ ಚಾರ್ಲ್ಸ್ ರೀಪ್ ಎಂಬವನು ಪೆನ್ಸಿಲ್ ಹಿಡಿದು ಆಟದ ಪ್ರತಿಯೊಂದು ಚಲನೆಯನ್ನೂ ಗುರುತು ಹಾಕಿಕೊಳ್ಳಲಾರಂಭಿಸಿದನು. 1968ರಲ್ಲಿ ಅವನೂ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞನೂ ಸೇರಿ ಪ್ರಕಟಿಸಿದ ಪ್ರಬಂಧದಂತೆ, ಸುಮಾರು ಒಂಬತ್ತು ಹತ್ತು ಹೊಡೆತಗಳಿಗೆ ಒಂದು ಗೋಲು. (ಅದರಿಂದ ಚೆಂಡನ್ನು ಉದ್ದಕ್ಕೆ ಎತ್ತಿಹೊಡೆಯುವುದೇ ಶ್ರೇಷ್ಠವೆಂದು ರೀಪ್ ಎಳೆದ ನಿರ್ಣಯ ದುಡುಕಿನದೆಂದು ಬಳಿಕ ಹಲವರು ಟೀಕಿಸಿದರು, ಎಣಿಸಬಲ್ಲವರೂ ಎಡವುವುದುಂಟು.) ಹತ್ತರಲ್ಲಿ ಒಂದು ಎಂದಿಟ್ಟುಕೊಂಡರೆ, ತಂಡವೊಂದು ಇಪ್ಪತ್ತು ಸಲ ಗೋಲಿನತ್ತ ಹೊಡೆದೂ ಬರಿಗೈಯಲ್ಲಿ ಹಿಂದಿರುಗುವ ಸಂಭವ ಎಂಟರಲ್ಲಿ ಒಂದು. ಈಗಿನ ವಿಶ್ಲೇಷಕರು ಪ್ರತಿಯೊಂದು ಹೊಡೆತಕ್ಕೂ, ಅದನ್ನು ಎಷ್ಟು ದೂರದಿಂದ, ಯಾವ ಕೋನದಿಂದ ಹೊಡೆಯಲಾಯಿತು ಎಂಬುದನ್ನು ನೋಡಿ ಒಂದೊಂದು ಸಂಭವನೀಯತೆಯನ್ನು ಕಟ್ಟುತ್ತಾರೆ. ಪೆನಾಲ್ಟಿಗೆ ಸುಮಾರು ಮುಕ್ಕಾಲು, ದೂರದ ಹೊಡೆತಕ್ಕೆ ನೂರರಲ್ಲಿ ಮೂರೋ ನಾಲ್ಕೋ. ಇವನ್ನು ಕೂಡಿದರೆ ಆ ದಿನದ ಆಟದಿಂದ ನಿರೀಕ್ಷಿಸಬಹುದಾಗಿದ್ದ ಗೋಲುಗಳ ಸಂಖ್ಯೆ ಬರುತ್ತದೆ. ಬಿದ್ದ ಗೋಲಿಗಿಂತ ಈ ನಿರೀಕ್ಷಿತ ಗೋಲು ತಂಡದ ಸತ್ತ್ವವನ್ನು ಬೇಗ ಹೇಳಬಲ್ಲದು, ಏಕೆಂದರೆ ಅದರಲ್ಲಿ ಗದ್ದಲ ಕಡಮೆ.

2014ರ ಸೆಪ್ಟೆಂಬರ್ 16ರಂದು ಡೋರ್ಟ್‌ಮುಂಡ್ ಚಾಂಪಿಯನ್ಸ್ ಲೀಗಿನಲ್ಲಿ ಲಂಡನ್ನಿನ ಆರ್ಸೆನಲ್ ತಂಡವನ್ನು 2-0ರಿಂದ ಸೋಲಿಸಿತು. ನಾಲ್ಕೇ ದಿನಗಳ ಮೇಲೆ ಮೈಂಟ್ಸ್ ನಗರದಲ್ಲಿ ಅದೇ 2-0 ತಿರುಗುಮುರುಗಾಯಿತು: ಮೊದಲು ಮೈಂಟ್ಸಿಗೆ ಒಂದು ಗೋಲು; ಬೆನ್ನಿಗೇ ಡೋರ್ಟ್‌ಮುಂಡಿಗೆ ಪೆನಾಲ್ಟಿ ದೊರೆತು, ಅದನ್ನು ಗೋಲುರಕ್ಷಕನು ತಡೆದನು; ಕೆಲವು ನಿಮಿಷಗಳಲ್ಲೇ ಡೋರ್ಟ್‌ಮುಂಡಿನ ರಕ್ಷಕನೊಬ್ಬನ ಕಾಲಿಗೆ ತಗಲಿ ಚೆಂಡು ತಮ್ಮದೇ ಬಲೆಯನ್ನು ಸೇರಿತು. ಪಟ್ಟಿಗೆ ಇವಾವುವೂ ಕಾಣುವುದಿಲ್ಲ. ಅದಕ್ಕೆ ಕಾಣುವುದು ಒಂದು ಸೊನ್ನೆ. ಇಷ್ಟಾಗಿಯೂ ಅದೇ ಶರತ್ಕಾಲದಲ್ಲಿ, ಅದೇ ಆಟಗಾರರು, ಯುರೋಪಿನ ತಮ್ಮ ಗುಂಪಿನಲ್ಲಿ ಆರು ಪಂದ್ಯಗಳಿಂದ 13 ಅಂಕ ಗಳಿಸಿ ಮೊದಲಿಗರಾದರು.

ಪೆನಾಲ್ಟಿ ಕಳೆದುಕೊಂಡವನ ಹೆಸರು ಚೀರೋ ಇಮ್ಮೋಬಿಲೆ. ಹಿಂದಿನ ವರ್ಷ ಇಟಲಿಯ ಲೀಗಿನಲ್ಲಿ 22 ಗೋಲು ಹೊಡೆದು ಪ್ರಥಮನಾಗಿದ್ದವನನ್ನು ಲೆವಾಂಡೋವ್ಸ್ಕಿಯ ಸ್ಥಾನಕ್ಕೆಂದು ಕರೆತಂದಿದ್ದರು. ಆ ಹಂಗಾಮಿನ ಲೀಗಿನಲ್ಲಿ ಅವನು ಹೊಡೆದದ್ದು 3 ಗೋಲು. ವ್ಯರ್ಥ ಆಯ್ಕೆ ಎಂಬ ಹಣೆಪಟ್ಟಿ ಹೊತ್ತು ಒಂದೇ ವರ್ಷದಲ್ಲಿ ಜರ್ಮನಿಯನ್ನು ಬಿಟ್ಟನು. ಇದೇ ಮನುಷ್ಯನು 2019-20ರಲ್ಲಿ ರೋಮಿನ ಲಾಟ್ಸಿಯೋ ತಂಡಕ್ಕಾಗಿ 36 ಗೋಲು ಹೊಡೆದು ಇಟಲಿಯ ಲೀಗಿನ ದಾಖಲೆಯನ್ನು ಸರಿಗಟ್ಟಿದನು. ಹೊಸ ಭಾಷೆ, ಹೊಸ ಊರು, ಹೊಸ ಆಟದ ಶೈಲಿ ಇವೆಲ್ಲ ಅವನನ್ನು ಬಾಧಿಸಿರಬಹುದು. ಆದರೂ ಮೂರು ಎಂಬ ಸಂಖ್ಯೆಯನ್ನು ಹಿಡಿದುಕೊಂಡು ಒಬ್ಬ ಮನುಷ್ಯನ ಯೋಗ್ಯತೆಯನ್ನು ತೀರ್ಮಾನಿಸಿದವರು ಅದರ ವರ್ಗಮೂಲವನ್ನು ಒಮ್ಮೆ ನೆನೆಯಬಹುದಾಗಿತ್ತು.

ಆಟದ ಅಭಿಮಾನಿಗಳಾದ ನಮ್ಮ ಮಿತ್ರರೊಬ್ಬರು ಈ ವಾದವನ್ನು ಕೇಳಿ ಸಿಟ್ಟಾದರು. ‘ನಿಮ್ಮ ಸೂತ್ರವನ್ನು ಕಟ್ಟಿಕೊಂಡು ಯಾರು ಕುಣಿಯಬೇಕು? ಸೋತವನು ಸೋತ. ಹೊಡೆತ ಗೋಲಾಗದಿದ್ದರೆ ಅದು ಹೊಡೆದವನ ತಪ್ಪು. ಆಕಸ್ಮಿಕದ ಮೇಲೆ ಭಾರ ಹಾಕಿದರೆ ಇನ್ನು ಯಾವ ಮೈಗಳ್ಳನೂ ಉತ್ತರ ಹೇಳಬೇಕಾಗಿಲ್ಲ’ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆವು. ನಿರೀಕ್ಷಿತ ಗೋಲಿನ ಲೆಕ್ಕಕ್ಕೆ ಹೊಡೆಯುವವನು ಲೆವಾಂಡೋವ್ಸ್ಕಿಯೋ ಬೇರೆಯವನೋ ಎಂಬ ಭೇದ ಸಾಮಾನ್ಯವಾಗಿ ತಿಳಿಯದು. ಅದೂ ಒಂದು ಉಪಕರಣ, ಅದಕ್ಕೂ ದೋಷಗಳುಂಟು. ಪ್ವಾಸೋಂ ಸೂತ್ರವೂ ಒಂದು ಗೋಲು ಬಿದ್ದ ಮೇಲೆ ಆಟಗಾರರ ಎದೆ ಕುಗ್ಗುವುದನ್ನು ಅರಿಯದು. ಆದರೆ ಮಿತ್ರರ ಮಾತಿನಂತೆ ನಡೆದರೆ ಮೈಗಳ್ಳನನ್ನೂ ದುರದೃಷ್ಟವಂತನನ್ನೂ ಬೇರ್ಪಡಿಸುವ ದಾರಿಯೇ ಮುಚ್ಚಿಹೋಗುತ್ತದೆ. ಇಬ್ಬರಿಗೂ ಒಂದೇ ದಂಡನೆ; ಅದೃಷ್ಟದಿಂದ ಗೆದ್ದ ಮೈಗಳ್ಳನಿಗಂತೂ ಸನ್ಮಾನ. ಮೈಗಳ್ಳತನವನ್ನು ಹಿಡಿಯಬೇಕೆಂಬ ಆಸೆಯುಳ್ಳವನಿಗೇ ಅನಿಶ್ಚಿತತೆಯ ಲೆಕ್ಕ ಹೆಚ್ಚು ಬೇಕು. ಪಟ್ಟಿಯನ್ನು ಅಚ್ಚು ಹಾಕುವವರು ಪ್ರತಿಯೊಂದು ತಂಡದ ಅಂಕದ ಪಕ್ಕದಲ್ಲಿ ಅದರ ವಿಚಲನೆಯನ್ನೂ ಅಚ್ಚು ಹಾಕಲಿ ಎಂಬುದು ನಮ್ಮ ಸಲಹೆ. 27 ಎಂದು ಬರೆಯುವಲ್ಲಿ ‘27, ಐದು ಹೆಚ್ಚು ಅಥವಾ ಕಡಮೆ’ ಎಂದು ಬರೆದರೆ ಕಾಗದವೇನೂ ಹರಿಯದು. ಮಿತ್ರರು ಇದನ್ನೂ ಒಪ್ಪಲಿಲ್ಲ.

ಕ್ಲೋಪನ ಮಟ್ಟಿಗೆ ಹೇಳುವುದಾದರೆ, ಏಪ್ರಿಲ್ 15ರಂದು ಅವನು ತಾನಾಗಿಯೇ ಹಂಗಾಮಿನ ಕೊನೆಗೆ ಹೊರಡುವುದಾಗಿ ಸಾರಿದನು. ತಂಡ 46 ಅಂಕಗಳೊಂದಿಗೆ ಏಳನೆಯದಾಗಿ ನಿಂತಿತು. ಒಟ್ಟು 47 ಗೋಲು ಹೊಡೆದು 42 ಬಿಟ್ಟುಕೊಟ್ಟಿತ್ತು, ಎಂದರೆ ಹೆಚ್ಚು ಗೋಲು ಹೊಡೆದೂ ಗೆದ್ದುದಕ್ಕಿಂತ (13) ಸೋತದ್ದೇ (14) ಹೆಚ್ಚಾಗಿತ್ತು. ಮೇ 30ರಂದು ಜರ್ಮನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ವೋಲ್ಫ್ಸ್‌ಬುರ್ಗಿಗೆ 1-3ರಿಂದ ಸೋತು ಅವನ ಡೋರ್ಟ್‌ಮುಂಡ್ ಪರ್ವ ಮುಗಿಯಿತು. ಮರುವರ್ಷ ಟೂಖೆಲ್ ಎಂಬ ಹೊಸ ತರಬೇತುದಾರನ ಕೈಯಲ್ಲಿ ಅದೇ ತಂಡ 78 ಅಂಕ ಗಳಿಸಿ ಎರಡನೆಯದಾಯಿತು. ಇದರಲ್ಲಿ ಅವನ ಪಾಲೆಷ್ಟು, ಮರಳಿ ಬಂದ ಅದೃಷ್ಟದ ಪಾಲೆಷ್ಟು ಎಂಬುದನ್ನು ವಾಚಕರು ಮೇಲಿನ ಲೆಕ್ಕವನ್ನು ಹಿಡಿದು ಯೋಚಿಸಬಹುದು.

ಕ್ಲೋಪನು 2015ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ತಂಡವನ್ನು ಸೇರಿದನು. ಅಲ್ಲಿ ಸಂಶೋಧನ ವಿಭಾಗದ ಮುಖ್ಯಸ್ಥನಾಗಿದ್ದವನು ಇಯಾನ್ ಗ್ರಹಾಂ, ಕೇಂಬ್ರಿಜ್ಜಿನಲ್ಲಿ ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು. 2019ರಲ್ಲಿ ಅಮೆರಿಕದ ಪತ್ರಿಕೆಯೊಂದು ಬರೆದಂತೆ, ಕ್ಲೋಪ್ ಬಂದ ಕೆಲವೇ ವಾರಗಳಲ್ಲಿ ಗ್ರಹಾಂ ಕಾಗದಗಳ ಕಟ್ಟೊಂದನ್ನು ಹಿಡಿದು ಅವನ ಕೊಠಡಿಗೆ ಹೋಗಿ, ಹಿಂದಿನ ವರ್ಷದ ಮೈಂಟ್ಸ್ ಪಂದ್ಯದ ಅಂಕಿಗಳನ್ನು ಮುಂದಿಟ್ಟನು: ಹೊಡೆತಗಳೆಷ್ಟು, ಅವಕಾಶಗಳೆಷ್ಟು, ಸೋಲಲು ಕಾರಣವೇ ಇರಲಿಲ್ಲವೆಂಬುದಕ್ಕೆ ಲೆಕ್ಕವೆಷ್ಟು. ಡೋರ್ಟ್‌ಮುಂಡ್ ಇತ್ತೀಚಿನ ವರ್ಷಗಳ ಅತ್ಯಂತ ದುರದೃಷ್ಟಶಾಲಿ ತಂಡಗಳಲ್ಲೊಂದು ಎಂಬುದು ಅವನ ನಿರ್ಣಯವಾಗಿತ್ತು. ಕ್ಲೋಪನಿಗೆ ಹಿಡಿಸಲಾರದಷ್ಟು ಸಂತೋಷವಾಗಿ, ಆ ದಿನ ತಾವು ಎಷ್ಟು ಚೆನ್ನಾಗಿ ಆಡಿದ್ದೆವೆಂಬುದನ್ನು ನೀನಾದರೂ ನೋಡಿದೆಯಲ್ಲ ಎಂಬ ಧಾಟಿಯಲ್ಲಿ ಉದ್ಗರಿಸಿದನಂತೆ. ಗ್ರಹಾಂ ಆ ಪಂದ್ಯವನ್ನು ನೋಡಿಯೇ ಇರಲಿಲ್ಲ.